ಮಾತ್ರೆಗೆ ತಕ್ಕ ಮೈಯೇ? ಬೆಂಗಳೂರಿನ ಒಂದು ಔಷಧ-ಜೀನ್ ಪರೀಕ್ಷಾ ಸೇವೆಯ ವಿಮರ್ಶೆ

ಯಾವ ಔಷಧ ಒಬ್ಬರ ಮೈಗೆ ಹೇಗೆ ಹೊಂದುತ್ತದೆ ಎಂಬುದನ್ನು ಅವರ ಜೀನ್‌ಗಳನ್ನು ಓದಿ ಹೇಳುವ, ದಕ್ಷಿಣ ಬೆಂಗಳೂರಿನ ಒಂದು ಖಾಸಗಿ ಪ್ರಯೋಗಾಲಯ ಒದಗಿಸುವ ಔಷಧ-ಜೀನ್ ಪರೀಕ್ಷೆಯನ್ನು ನಮ್ಮ ತಂದೆಯವರಿಗೆ ಮಾಡಿಸಿದೆವು. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದಿದ್ದ ಅವರಿಗೆ ಬರೆದುಕೊಟ್ಟಿದ್ದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಹೃದ್ರೋಗ ತಜ್ಞರೇ ಈ ಪರೀಕ್ಷೆಯನ್ನು ಸೂಚಿಸಿದ್ದರು. ಪ್ರಯೋಗಾಲಯದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಕೆಳಗೆ ಎತ್ತಿರುವ ಪ್ರಶ್ನೆಗಳು ಓದುಗರು ಯಾವ ಪ್ರಯೋಗಾಲಯದ ಬಾಗಿಲಿಗೆ ಹೋದರೂ ಕೇಳಬೇಕಾದವು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ವರದಿಯಲ್ಲಿ ಔಷಧಗಳಿಗೆ ಸಂಬಂಧಿಸಿದ ಭಾಗ ಕೊಟ್ಟ ಹಣಕ್ಕೆ ಸಲ್ಲುವಂಥದ್ದು, ರೋಗಗಳ ಅಪಾಯವನ್ನು ಅಂಕಗಳಲ್ಲಿ ಹೇಳುವ ಭಾಗ ಅಷ್ಟು ಬೆಲೆಬಾಳುವುದಿಲ್ಲ, ಇಡೀ ಸೇವೆಯಲ್ಲಿ ಅತ್ಯಂತ ಮೌಲ್ಯವುಳ್ಳದ್ದು ಯಂತ್ರದ ಓದಲ್ಲ, ಆ ಓದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ ಸಲಹೆಗಾರ್ತಿಯ ಮಾತು.

ಮಾದರಿ ಸಂಗ್ರಹದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಸವನಗುಡಿಯ ನಮ್ಮ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು, ಹೇಳಿದ ಅವಧಿಯೊಳಗೆ ವರದಿ ಕಳುಹಿಸಿದರು. ವೆಚ್ಚ ಹತ್ತು ಸಾವಿರ ರೂಪಾಯಿಗೆ ತುಸು ಕಡಿಮೆ. ನಮ್ಮ ಆರೋಗ್ಯ ವಿಮೆ ಇದಕ್ಕೆ ಹಣ ಕೊಡಲಿಲ್ಲ. ಒಬ್ಬರ ಜೀನ್‌ಗಳು ವಯಸ್ಸಿನೊಂದಿಗೆ ಬದಲಾಗುವುದಿಲ್ಲವಾದ್ದರಿಂದ ಇದು ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಕಾಗುವ ಪರೀಕ್ಷೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೆ ಈ ಬೆಲೆ ದುಬಾರಿ ಅನ್ನಿಸಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕ್ಲೋಪಿಡೋಗ್ರೆಲ್ ನುಂಗಿದ ರೂಪದಲ್ಲಿ ಔಷಧವೇ ಅಲ್ಲ. ಗಿರಣಿಗೆ ಹಾಕದ ರಾಗಿಯಿಂದ ಮುದ್ದೆ ಕಟ್ಟಲಾಗದಂತೆ, ಯಕೃತ್ತಿನಲ್ಲಿ ಪರಿವರ್ತನೆಯಾಗದ ಕ್ಲೋಪಿಡೋಗ್ರೆಲ್‌ನಿಂದ ರಕ್ತದ ತಟ್ಟೆಕಣಗಳು (ಪ್ಲೇಟ್‌ಲೆಟ್‌ಗಳು) ಅಂಟಿಕೊಳ್ಳುವುದನ್ನು ತಡೆಯಲಾಗುವುದಿಲ್ಲ. ನುಂಗಿದ ಮಾತ್ರೆಯ ಬಹುಭಾಗ, ಅಂದರೆ ಸುಮಾರು 85 ಶೇಕಡಾ, ಬೇರೊಂದು ಕಿಣ್ವದ ಕೈಗೆ ಸಿಕ್ಕಿ ನಿಷ್ಫಲವಾಗುತ್ತದೆ. ಉಳಿದ ಅಲ್ಪಭಾಗ ಎರಡು ಹಂತಗಳಲ್ಲಿ ಸಕ್ರಿಯ ರೂಪಕ್ಕೆ ಬರಬೇಕು, ಆ ಎರಡೂ ಹಂತಗಳಲ್ಲಿ ದುಡಿಯುವ ಕಿಣ್ವದ ಹೆಸರು ಸಿವೈಪಿ2ಸಿ19. ಈ ಕಿಣ್ವವನ್ನು ತಯಾರಿಸುವ ಜೀನ್‌ನ ಎರಡು ಪ್ರತಿಗಳು ಪ್ರತಿಯೊಬ್ಬರಲ್ಲಿಯೂ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಜೀನ್ ಎಂದರೆ ಎ, ಸಿ, ಜಿ, ಟಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳ ಬರಹ. ಅದರ ಒಂದು ನಿರ್ದಿಷ್ಟ ಸ್ಥಾನದಲ್ಲಿ ಜಿ ಇರಬೇಕಾದ ಕಡೆ ಎ ಅಕ್ಷರ ಬಂದರೆ ಅದರ ಸಂದೇಶ ತಪ್ಪಾದ ಜಾಗದಲ್ಲಿ ಕತ್ತರಿಸಲ್ಪಟ್ಟು ಕೆಲಸಕ್ಕೆ ಬಾರದ ಕಿಣ್ವ ತಯಾರಾಗುತ್ತದೆ. ಇದನ್ನು ತಜ್ಞರು ಸ್ಟಾರ್ 2 ಎಂದು ಕರೆಯುತ್ತಾರೆ. ಯೂರೋಪಿಯನ್ ಮೂಲದವರಲ್ಲಿ ಈ ಜೀನ್‌ನ ನೂರು ಪ್ರತಿಗಳಲ್ಲಿ ಸುಮಾರು 15 ಸ್ಟಾರ್ 2 ಆಗಿದ್ದರೆ, ದಕ್ಷಿಣ ಏಷ್ಯಾದವರಲ್ಲಿ ಅದು ಹೆಚ್ಚುಕಡಿಮೆ ಮೂರರಲ್ಲಿ ಒಂದು. ಅಂದರೆ ನಮ್ಮಲ್ಲಿ ಅರ್ಧದಷ್ಟು ಮಂದಿ ಕನಿಷ್ಠ ಒಂದು ನಿಷ್ಕ್ರಿಯ ಪ್ರತಿಯನ್ನು ಹೊತ್ತಿರುತ್ತಾರೆ, ಹತ್ತರಲ್ಲಿ ಹತ್ತಿರ ಹತ್ತಿರ ಒಬ್ಬರಿಗೆ ಎರಡೂ ಪ್ರತಿಗಳು ನಿಷ್ಕ್ರಿಯವಾಗಿರುತ್ತವೆ. ಎರಡೂ ಪ್ರತಿಗಳು ಕೆಲಸ ಮಾಡದವರಲ್ಲಿ ಈ ಮಾತ್ರೆಯ ಪರಿಣಾಮ ಕುಗ್ಗುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿಯೇ ಅತ್ಯುನ್ನತ ಮಟ್ಟದ ಎಚ್ಚರಿಕೆಯನ್ನು ಔಷಧದ ಅಧಿಕೃತ ಮಾಹಿತಿಪತ್ರದಲ್ಲಿ ಹಾಕಿಸಿದೆ. ಬೆಂಗಳೂರಿನಲ್ಲಿ ಪ್ರತಿದಿನ ಎಷ್ಟು ಸ್ಟೆಂಟ್‌ಗಳನ್ನು ಅಳವಡಿಸಲಾಗುತ್ತಿದೆ ಎಂಬುದನ್ನು ನೆನೆದರೆ, ಈ ಒಂದು ಜೀನ್‌ನ ಓದು ಇಂದಿಗೂ ವಾಡಿಕೆಯ ಪರೀಕ್ಷೆಯಾಗದೆ ಉಳಿದಿರುವುದು ನನಗೆ ನಿಜವಾದ ನೋವಿನ ಸಂಗತಿ.

ತಂದೆಯವರ ವರದಿಯಲ್ಲಿ ಒಂದು ಸರಿಯಾದ ಪ್ರತಿ, ಒಂದು ಸ್ಟಾರ್ 2 ಪ್ರತಿ ಇದೆಯೆಂದೂ ಅವರು ಕಿಣ್ವ ಅರೆಬರೆ ಕೆಲಸ ಮಾಡುವ 'ಮಧ್ಯಮ' ಗುಂಪಿಗೆ ಸೇರುತ್ತಾರೆಂದೂ ಬಂದಿತು. ಅದರ ಕೆಳಗೆ, ಸಾಧ್ಯವಿದ್ದಲ್ಲಿ ಕ್ಲೋಪಿಡೋಗ್ರೆಲ್ ಬದಲಿಗೆ ಪ್ರಾಸುಗ್ರೆಲ್ ಅಥವಾ ಟಿಕಾಗ್ರೆಲಾರ್ ಪರಿಗಣಿಸಬಹುದು ಎಂಬ ಒಂದು ಸಾಲು ಇತ್ತು. ಇದು ಸಿಪಿಕ್ ಎಂಬ ಅಂತಾರಾಷ್ಟ್ರೀಯ ತಜ್ಞರ ಒಕ್ಕೂಟದ ಮಾರ್ಗಸೂಚಿಗೆ ಅನುಗುಣವಾದ ಸಲಹೆಯೇ. ಆದರೆ ತಂದೆಯವರಿಗೆ ಹಿಂದೊಮ್ಮೆ ಮಾತು ತೊದಲಿ, ಬಲಗೈ ಸೋತು, ತುಸು ಹೊತ್ತಿನಲ್ಲೇ ಸರಿಹೋಗಿದ್ದ ಪಾರ್ಶ್ವವಾಯುವಿನ ಮುನ್ಸೂಚನೆ ಕಾಣಿಸಿಕೊಂಡಿತ್ತು. ಅಂಥವರಿಗೆ ಪ್ರಾಸುಗ್ರೆಲ್ ಕೊಡುವಂತಿಲ್ಲ, ಮಿದುಳಿನಲ್ಲಿ ರಕ್ತಸ್ರಾವದ ಅಪಾಯವಿದೆ. ವರದಿಯ ಆ ಸಾಲಿಗೆ ಇದು ಗೊತ್ತಿರಲು ಸಾಧ್ಯವಿರಲಿಲ್ಲ, ಏಕೆಂದರೆ ಮಾದರಿ ಕೊಡುವಾಗ ತುಂಬಿಸಿಕೊಂಡ ಅರ್ಜಿಯಲ್ಲಿ ಹಿಂದಿನ ಕಾಯಿಲೆಗಳ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಈ ಕೊರತೆಯನ್ನು ಪ್ರಯೋಗಾಲಯದವರು ಸರಿಪಡಿಸಿಕೊಳ್ಳಲೇಬೇಕು. ವೈದ್ಯರ ಕೈಗೆ ಹೋಗುವ ಮುನ್ನವೇ ಮನೆಮಂದಿ ಮೊಬೈಲಿನಲ್ಲಿ ಓದಿಬಿಡುವ ವರದಿಯಿದು. ಅದರಲ್ಲಿ ಪರ್ಯಾಯ ಔಷಧದ ಹೆಸರು ಇದೆಯೆಂದ ಮೇಲೆ ಆ ಔಷಧ ಯಾರಿಗೆ ಸಲ್ಲದು ಎಂಬುದೂ ಪಕ್ಕದಲ್ಲೇ ಇರಬೇಕು.

ಇಷ್ಟಾದರೂ ಸೇವೆಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಸಲಹಾ ಭೇಟಿಯಲ್ಲಿ. ಜೆನೆಟಿಕ್ ಕೌನ್ಸೆಲರ್ ಆಗಿದ್ದ ಆ ಯುವತಿ ವರದಿಯನ್ನು ತೆರೆಯುವ ಮೊದಲು, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಮೇಜಿನ ಮೇಲೆ ಇಡುವಂತೆ ಕೇಳಿದರು. ತಂದೆಯವರು ಔಷಧದಂಗಡಿಯ ಕವರಿನಿಂದ ಒಂದೊಂದನ್ನೇ ತೆಗೆದಿಟ್ಟರು: ಕ್ಲೋಪಿಡೋಗ್ರೆಲ್, ಆಸ್ಪಿರಿನ್, ಅಟೋರ್ವಾಸ್ಟಾಟಿನ್, ಬಿಪಿ ಮಾತ್ರೆ, ಕಡೆಗೆ ಯಾವ ಚೀಟಿಯಲ್ಲೂ ಇಲ್ಲದ, ಅಂಗಡಿಯಲ್ಲಿ ತಾವೇ ಕೇಳಿ ತಂದುಕೊಳ್ಳುತ್ತಿದ್ದ ಒಮೆಪ್ರಜೋಲ್. 'ಇದು ಗ್ಯಾಸಿಗೆ ಅಷ್ಟೆ, ಇದಕ್ಕೇನೂ ಲೆಕ್ಕವಿಲ್ಲ' ಅಂದರು. ಆಕೆ ಆ ಸ್ಟ್ರಿಪ್ಪನ್ನೇ ಕೈಗೆತ್ತಿಕೊಂಡು, ಒಮೆಪ್ರಜೋಲ್ ಕೂಡ ಅದೇ ಸಿವೈಪಿ2ಸಿ19 ಕಿಣ್ವವನ್ನು ಅಡ್ಡಿಪಡಿಸುತ್ತದೆ, ಈಗಾಗಲೇ ಅರ್ಧಬಲದಲ್ಲಿ ದುಡಿಯುತ್ತಿರುವ ಕಿಣ್ವವನ್ನು ಇದು ಇನ್ನಷ್ಟು ಕುಗ್ಗಿಸಬಹುದು, ಕ್ಲೋಪಿಡೋಗ್ರೆಲ್ ಜೊತೆಗೆ ಇದನ್ನು ತೆಗೆದುಕೊಳ್ಳಬಾರದೆಂಬ ಎಚ್ಚರಿಕೆಯಿದೆ ಎಂದು ವಿವರಿಸಿದರು. ಜೀನ್ ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ, ಜೊತೆಗೆ ನುಂಗುವ ಇನ್ನೊಂದು ಮಾತ್ರೆಯೂ ಜೀನ್‌ನ ಕೆಲಸವನ್ನು ಬದಲಿಸಬಲ್ಲದು ಎಂಬ ಈ ಮಾತು ನಮಗೆ ಹೊಸದಾಗಿತ್ತು. ತಂದೆಯವರು 'ಹಾಗಾದರೆ ನನ್ನ ರಕ್ತವೇ ಕೆಟ್ಟಿದೆಯೇನಮ್ಮ?' ಎಂದು ಕೇಳಿದಾಗ, ಕೆಟ್ಟಿರುವುದು ಏನೂ ಇಲ್ಲ, ಈ ಮಾತ್ರೆ ನುಂಗುವ ಸಂದರ್ಭ ಬಾರದಿದ್ದರೆ ಈ ವ್ಯತ್ಯಾಸ ಇದೆಯೆಂಬುದೇ ಜೀವನದಲ್ಲಿ ಗೊತ್ತಾಗುತ್ತಿರಲಿಲ್ಲ, ಈ ಬೀದಿಯಲ್ಲೇ ಅರ್ಧದಷ್ಟು ಜನ ಹೀಗೇ ಇರಬಹುದು ಎಂದು ಆಕೆ ಉತ್ತರಿಸಿದರು. ಅದು ವಿಜ್ಞಾನಕ್ಕೆ ನಿಷ್ಠವಾದ ಉತ್ತರ, ಜೊತೆಗೆ ಒಬ್ಬ ಹಿರಿಯರ ಮನಸ್ಸನ್ನು ಕಾಯ್ದ ಉತ್ತರ.

ವರದಿಯನ್ನೂ ಮಾತ್ರೆಗಳ ಪಟ್ಟಿಯನ್ನೂ ನೋಡಿದ ಹೃದ್ರೋಗ ತಜ್ಞರು ಟಿಕಾಗ್ರೆಲಾರ್‌ಗೆ ಬದಲಾಯಿಸಿ, ಗ್ಯಾಸಿಗೆ ಪ್ಯಾಂಟೊಪ್ರಜೋಲ್ ಬರೆದುಕೊಟ್ಟರು. ಟಿಕಾಗ್ರೆಲಾರ್ ನೇರವಾಗಿ ಕೆಲಸ ಮಾಡುವ ಔಷಧ, ಸಿವೈಪಿ2ಸಿ19ರ ಹಂಗು ಅದಕ್ಕಿಲ್ಲ. ಆದರೆ ದಿನಕ್ಕೆ ಎರಡು ಬಾರಿ ತಪ್ಪದೆ ನುಂಗಬೇಕು, ಕೆಲವರಿಗೆ ಉಸಿರು ಕಟ್ಟಿದಂತಾಗುತ್ತದೆ, ಬೆಲೆಯೂ ಹೆಚ್ಚು. ಪರೀಕ್ಷೆ ಮಾಡಿಸಿದ ಮಾತ್ರಕ್ಕೆ ಔಷಧ ಅಗ್ಗವಾಗುವುದಿಲ್ಲ ಎಂಬುದನ್ನು ಹಣ ಕಟ್ಟುವ ಮುನ್ನ ತಿಳಿದಿರಬೇಕು.

ವರದಿಯ ಉಳಿದ ಔಷಧಗಳ ಪೈಕಿ ಕೆಲವನ್ನು ನಾನು ವಿಶೇಷವಾಗಿ ಮೆಚ್ಚಿಕೊಂಡೆ. ಮೂರ್ಛೆರೋಗಕ್ಕೆ ಮತ್ತು ಮುಖದ ನರನೋವಿಗೆ ಕೊಡುವ ಕಾರ್ಬಮಜೆಪಿನ್ ಮಾತ್ರೆ ಕೆಲವರಲ್ಲಿ ಚರ್ಮವೆಲ್ಲ ಸುಟ್ಟಂತೆ ಸುಲಿದುಹೋಗುವ ಸ್ಟೀವನ್ಸ್-ಜಾನ್ಸನ್ ಎಂಬ ಮಾರಕ ಪ್ರತಿಕ್ರಿಯೆಯನ್ನು ಉಂಟುಮಾಡುತ್ತದೆ. ಇದಕ್ಕೂ ರೋಗನಿರೋಧಕ ವ್ಯವಸ್ಥೆಯ ಜೀನ್ ಒಂದರ ಎಚ್‌ಎಲ್‌ಎ-ಬಿ 15:02 ಎಂಬ ಭಿನ್ನರೂಪಕ್ಕೂ ಇರುವ ನಂಟನ್ನು 2004ರಲ್ಲಿ ತೈವಾನಿನ ಸಂಶೋಧಕರು ತೋರಿಸಿಕೊಟ್ಟರು. ಈ ಭಿನ್ನರೂಪ ಯೂರೋಪಿಯನ್ನರಲ್ಲಿ ಬಹಳ ಅಪರೂಪ, ಭಾರತೀಯರಲ್ಲಿ ಸರಾಸರಿ ನೂರರಲ್ಲಿ 2ರಿಂದ 4 ಮಂದಿಯಲ್ಲಿದೆ ಎಂಬ ಅಂದಾಜಿದೆ. ವರದಿ ಇದನ್ನು ಮೊದಲ ಪುಟದಲ್ಲಿಯೇ ಕೊಟ್ಟಿರುವುದು ಸರಿಯಾದ ಆದ್ಯತೆ. ಈಗಾಗಲೇ ವರ್ಷಗಟ್ಟಲೆ ತೊಂದರೆಯಿಲ್ಲದೆ ಈ ಮಾತ್ರೆಯನ್ನು ತೆಗೆದುಕೊಳ್ಳುತ್ತಿರುವವರು ವರದಿ ನೋಡಿ ಹೆದರಿ ಏಕಾಏಕಿ ನಿಲ್ಲಿಸಬಾರದು, ಇಂಥ ಪ್ರತಿಕ್ರಿಯೆಗಳು ಬಹುತೇಕ ಮೊದಲ ಕೆಲವು ತಿಂಗಳಲ್ಲೇ ಕಾಣಿಸಿಕೊಳ್ಳುತ್ತವೆ ಎಂಬ ಟಿಪ್ಪಣಿಯೂ ಅಲ್ಲಿತ್ತು. ಮೂರ್ಛೆರೋಗದ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದರಿಂದ ಆಗುವ ಅನಾಹುತವನ್ನು ಬಲ್ಲವರು ಮಾತ್ರ ಬರೆಯಬಲ್ಲ ಟಿಪ್ಪಣಿ ಅದು.

ಇನ್ನೊಂದು ಮೆಚ್ಚುಗೆಯ ಅಂಶ ಎನ್‌ಯುಡಿಟಿ15 ಎಂಬ ಜೀನ್. ಕೀಲುವಾತ, ಕರುಳಿನ ಉರಿಯೂತ ಮುಂತಾದ ಕಾಯಿಲೆಗಳಿಗೆ ಕೊಡುವ ಅಜಥಯೋಪ್ರಿನ್ ಮತ್ತು ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಮರ್ಕ್ಯಾಪ್ಟೊಪ್ಯೂರಿನ್ ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯಕಾರಿ ಮಟ್ಟಕ್ಕೆ ಇಳಿಸಿಬಿಡುತ್ತವೆ. ಯೂರೋಪಿಯನ್ನರಲ್ಲಿ ಇದಕ್ಕೆ ಮುಖ್ಯ ಕಾರಣ ಟಿಪಿಎಂಟಿ ಜೀನ್‌ನ ವ್ಯತ್ಯಾಸ, ಆದ್ದರಿಂದ ಬಹಳ ಕಾಲ ಜಗತ್ತೆಲ್ಲ ಅದೊಂದನ್ನೇ ಪರೀಕ್ಷಿಸುತ್ತಿತ್ತು. ಏಷ್ಯಾದ ರೋಗಿಗಳಲ್ಲಿ ಟಿಪಿಎಂಟಿ ಸರಿಯಿದ್ದರೂ ರಕ್ತಕಣಗಳು ಕುಸಿಯುತ್ತಿದ್ದುದರ ಗುಟ್ಟು ಎನ್‌ಯುಡಿಟಿ15ರ ವ್ಯತ್ಯಾಸದಲ್ಲಿದೆ ಎಂಬುದು 2014ರಲ್ಲಿ ಕೊರಿಯಾದ ರೋಗಿಗಳ ಅಧ್ಯಯನದಿಂದ ಬಯಲಾಯಿತು. ಹಳೆಯ ಪರೀಕ್ಷೆಯನ್ನೇ ಮುಂದುವರಿಸುತ್ತಿರುವ ಪ್ರಯೋಗಾಲಯ ನಮ್ಮವರಿಗೆ 'ಸಾಮಾನ್ಯ' ಎಂಬ ವರದಿ ಕೊಟ್ಟರೆ ಅದರಿಂದ ಸಿಗುವುದು ಹುಸಿ ಧೈರ್ಯ. ಈ ಸೇವೆಯಲ್ಲಿ ಎರಡೂ ಜೀನ್‌ಗಳಿವೆ.

ಆದರೆ ಅದೇ ಎಚ್ಚರ, ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ವಿಷಯದಲ್ಲಿ ತಪ್ಪಿದೆ. ಈ ಕಿಣ್ವದ ಕೊರತೆಯಿರುವವರು ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಅಥವಾ ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್ ತೆಗೆದುಕೊಂಡರೆ ಕೆಂಪು ರಕ್ತಕಣಗಳು ಒಡೆದು ತೀವ್ರ ರಕ್ತಹೀನತೆಯಾಗಬಹುದು. ಭಾರತದಲ್ಲಿ ಸಾಮಾನ್ಯವಾಗಿ ಕಾಣುವುದು ಮೆಡಿಟರೇನಿಯನ್, ಕೇರಳ-ಕಲ್ಯಾಣ್ ಮತ್ತು ಒಡಿಶಾ ಎಂಬ ಮೂರು ಭಿನ್ನರೂಪಗಳು. ವರದಿಯ ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ಓದಿದಾಗ, ಇವರು ಪರೀಕ್ಷಿಸಿದ್ದು ಮೊದಲನೆಯದನ್ನು ಮಾತ್ರ ಎಂದು ತಿಳಿಯಿತು. ಒಳಪುಟದಲ್ಲಿ ದಪ್ಪಕ್ಷರದಲ್ಲಿ 'ಸಾಮಾನ್ಯ' ಎಂದಿರುವುದರ ನಿಜವಾದ ಅರ್ಥ 'ನಾವು ಹುಡುಕಿದ್ದು ಸಿಗಲಿಲ್ಲ' ಎಂದಷ್ಟೇ. ಕಿಣ್ವದ ಪ್ರಮಾಣವನ್ನು ನೇರವಾಗಿ ಅಳೆಯುವ ಅಗ್ಗದ ರಕ್ತಪರೀಕ್ಷೆ ಊರಿನಲ್ಲೆಲ್ಲ ಲಭ್ಯವಿರುವಾಗ, ಅರ್ಧ ಹುಡುಕಾಟದ ಈ ಸಾಲನ್ನು ವರದಿಯಿಂದ ತೆಗೆದುಹಾಕುವುದೇ ಲೇಸು. ಅನೇಕ ಔಷಧಗಳನ್ನು ಪರಿವರ್ತಿಸುವ ಇನ್ನೊಂದು ಯಕೃತ್ತಿನ ಕಿಣ್ವದ ಜೀನ್ ಆದ ಸಿವೈಪಿ2ಡಿ6ರ ಫಲಿತಾಂಶವನ್ನೂ ತುಸು ಹಿಡಿತದಲ್ಲಿಟ್ಟು ಓದಬೇಕು. ಕೆಲವರಲ್ಲಿ ಈ ಜೀನ್ ಪೂರ್ತಿಯಾಗಿ ಇರುವುದೇ ಇಲ್ಲ, ಕೆಲವರಲ್ಲಿ ಎರಡು ಮೂರು ಹೆಚ್ಚುವರಿ ಪ್ರತಿಗಳಿರುತ್ತವೆ, ಅದನ್ನೇ ಹೋಲುವ ನಿಷ್ಕ್ರಿಯ ಜೀನ್ ಪಕ್ಕದಲ್ಲೇ ಕುಳಿತಿರುತ್ತದೆ, ಹೀಗಾಗಿ ಮೊದಲೇ ಆರಿಸಿದ ಸ್ಥಾನಗಳನ್ನಷ್ಟೇ ಓದುವ ಚಿಪ್ ಆಧಾರಿತ ಪರೀಕ್ಷೆಗಳು ಇಲ್ಲಿ ಎಡವುವುದುಂಟು. ಪ್ರತಿಗಳ ಸಂಖ್ಯೆಯನ್ನು ಎಣಿಸಿದ್ದೀರಾ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಇನ್ನು ರೋಗಗಳ ಅಪಾಯವನ್ನು ಹೇಳುವ ಭಾಗ. ಔಷಧದ ಪರೀಕ್ಷೆಯ ಜೊತೆಗೆ ಉಚಿತ ಎಂದು ಸೇರಿಸಿಕೊಟ್ಟಿರುವ ಈ ಪುಟಗಳಲ್ಲಿ ಸಕ್ಕರೆ ಕಾಯಿಲೆ, ಹೃದ್ರೋಗ, ಬೊಜ್ಜು ಮೊದಲಾದವುಗಳಿಗೆ ಬಣ್ಣಬಣ್ಣದ ಅಂಕಗಳಿವೆ. ಇಂಥ ಅಂಕಗಳು ಜೀನೋಮಿನ, ಅಂದರೆ ಒಬ್ಬರ ಇಡೀ ಡಿಎನ್‌ಎ ಬರಹದ, ಉದ್ದಕ್ಕೂ ಹರಡಿರುವ ಸಾವಿರಾರು ಸಣ್ಣ ಸಣ್ಣ ವ್ಯತ್ಯಾಸಗಳ ಒಟ್ಟು ಮೊತ್ತ. ಒಬ್ಬೊಬ್ಬರ ಜೀನೋಮ್, ಹೋಲಿಕೆಗೆ ಬಳಸುವ ಪ್ರಮಾಣಿತ ಜೀನೋಮಿಗಿಂತ 40ರಿಂದ 50 ಲಕ್ಷ ಸ್ಥಾನಗಳಲ್ಲಿ ಬೇರೆಯಾಗಿರುತ್ತದೆ, ಅವುಗಳಲ್ಲಿ ಬಹುಪಾಲು ನಿರುಪದ್ರವಿ. ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂಬ ಲೆಕ್ಕವನ್ನು ಬಹುಮಟ್ಟಿಗೆ ಯೂರೋಪಿಯನ್ ಮೂಲದ ಜನರ ಮಾಹಿತಿಯಿಂದ ಹಾಕಲಾಗಿದೆ. ಆ ತೂಕಗಳನ್ನು ಬೇರೆ ಜನಸಮುದಾಯಗಳಿಗೆ ತಂದು ಹಚ್ಚಿದಾಗ ನಿಖರತೆ ಇಳಿಯುತ್ತದೆ ಎಂಬುದು ಚೆನ್ನಾಗಿ ಸ್ಥಾಪಿತವಾದ ಸಂಗತಿ. ಯಾವ ಜನರ ಮಾಹಿತಿಯ ಮೇಲೆ ಈ ಅಂಕ ನಿಂತಿದೆ ಎಂದು ವರದಿ ಎಲ್ಲಿಯೂ ಹೇಳುವುದಿಲ್ಲ. ಸಲಹೆಗಾರ್ತಿಯನ್ನು ಕೇಳಿದಾಗ, ಈ ಅಂಕಗಳನ್ನು ನೋಡಿ ಯಾವ ಮಾತ್ರೆಯನ್ನೂ ಶುರುಮಾಡಬೇಡಿ, ಬಿಡಬೇಡಿ ಎಂದು ಸ್ಪಷ್ಟವಾಗಿ ಹೇಳಿದರು. ಆಕೆ ಬಾಯಿಮಾತಿನಲ್ಲಿ ಹೇಳಿದ್ದನ್ನು ಸಂಸ್ಥೆ ಅಚ್ಚಿನಲ್ಲಿ ಹೇಳಬೇಕಿತ್ತು.

ಈ ಪುಟಗಳಲ್ಲಿ ನಾನು ಬೆಲೆ ಕೊಡುವ ಒಂದೇ ಒಂದು ಸಾಲು ಎಂವೈಬಿಪಿಸಿ3 ಜೀನ್‌ನದು. ಹೃದಯದ ಸ್ನಾಯುವಿನ ಒಂದು ಪ್ರೋಟೀನಿನ ಈ ಜೀನ್‌ನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ರೂಪವೊಂದು ದಕ್ಷಿಣ ಏಷ್ಯಾದ ಜನರಲ್ಲಿ ಸುಮಾರು 4 ಶೇಕಡಾ ಮಂದಿಯಲ್ಲಿದೆ, ಹೃದಯಸ್ನಾಯುವಿನ ಕಾಯಿಲೆಗೂ ಅದಕ್ಕೂ ಸಂಬಂಧವಿದೆ ಎಂದು 2009ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇದು ನಮ್ಮ ಉಪಖಂಡದ್ದೇ ಆದ ವ್ಯತ್ಯಾಸ. ಇದು ಇದ್ದವರೆಲ್ಲರಿಗೂ ಕಾಯಿಲೆ ಬರುವುದಿಲ್ಲ, ಎಕೋ ಪರೀಕ್ಷೆ ಮಾಡಿಸಿಕೊಂಡು ವೈದ್ಯರ ನಿಗಾದಲ್ಲಿದ್ದರೆ ಸಾಕಾಗಬಹುದು ಎಂಬ ವಿವರಣೆಯನ್ನೂ ಸೇರಿಸಿದ್ದರೆ ಚೆನ್ನಾಗಿತ್ತು. ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಮುಂದಾಳತ್ವ ವಹಿಸಿದ್ದ ಜೀನೋಮ್‌ಇಂಡಿಯಾ ಯೋಜನೆ 83 ಜನಸಮುದಾಯಗಳ ಸುಮಾರು 10,000 ಮಂದಿಯ ಜೀನೋಮ್‌ಗಳನ್ನು ಓದಿ, ಆ ಮಾಹಿತಿಯನ್ನು ಜನವರಿ 2025ರಲ್ಲಿ ಸಂಶೋಧಕರಿಗೆ ತೆರೆದಿದೆ. ಇಂಥ ಮಾಹಿತಿಯನ್ನು ಆಧರಿಸಿ ಅಂಕಗಳನ್ನು ಹೊಸದಾಗಿ ಕಟ್ಟುವ ತನಕ ಆ ಪುಟಗಳನ್ನು ವರದಿಯಿಂದ ಬೇರ್ಪಡಿಸಿ ಇಡುವುದು ಗ್ರಾಹಕರಿಗೆ ತೋರುವ ಪ್ರಾಮಾಣಿಕತೆ.

ಒಪ್ಪಿಗೆ ಪತ್ರದ ಬಗ್ಗೆ ನನಗೆ ತೀವ್ರ ಆಕ್ಷೇಪವಿದೆ. ಅದು ಇಂಗ್ಲಿಷಿನಲ್ಲಿ ಮಾತ್ರ ಇತ್ತು, ಮಾದರಿಯನ್ನು ಸಂಶೋಧನೆಗೆ ಬಳಸಲು ಒಪ್ಪಿದ್ದೇನೆ ಎಂಬ ಚೌಕದಲ್ಲಿ ಮೊದಲೇ ಗುರುತು ಹಾಕಲಾಗಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಪಡೆಯುವ ಆಯ್ಕೆ ಇರಬೇಕು, ಕನ್ನಡ ಆ ಭಾಷೆಗಳಲ್ಲಿ ಒಂದು. ಜೀನ್‌ಗಳ ಮಾಹಿತಿ ಒಬ್ಬರದ್ದಷ್ಟೇ ಅಲ್ಲ. ತಂದೆಯವರ ವರದಿಯಲ್ಲಿ ನನ್ನ ಬಗ್ಗೆಯೂ ನನ್ನ ಚಿಕ್ಕಪ್ಪಂದಿರ ಬಗ್ಗೆಯೂ ಅರ್ಧ ಮಾಹಿತಿ ಅಡಗಿದೆ. ಸಹಿ ಹಾಕುವವರಿಗೆ ಅರ್ಥವಾಗದ ಭಾಷೆಯಲ್ಲಿ ಒಪ್ಪಿಗೆಯನ್ನು ಬರೆಸಿಕೊಳ್ಳುವುದು ಸರಿಯಲ್ಲ. ಗುರುತನ್ನು ತೆಗೆಸಿ ಸಹಿ ಹಾಕಿಸಿದೆವು, ಸಿಬ್ಬಂದಿ ತಕರಾರು ಮಾಡಲಿಲ್ಲ.

ಹಾಗಾದರೆ ಯಾರು ಮಾಡಿಸಿಕೊಳ್ಳಬೇಕು? ಸ್ಟೆಂಟ್ ಹಾಕಿಸಿಕೊಂಡವರು, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ಆರಂಭಿಸುವವರು, ಕಾರ್ಬಮಜೆಪಿನ್ ಅಥವಾ ಅಜಥಯೋಪ್ರಿನ್ ಶುರುವಾಗಲಿರುವವರು, ಕ್ಯಾನ್ಸರಿಗೆ 5-ಫ್ಲೋರೋಯುರಾಸಿಲ್ ಅಥವಾ ಕ್ಯಾಪೆಸಿಟಾಬಿನ್ ಪಡೆಯಲಿರುವವರು ತಮ್ಮ ವೈದ್ಯರೊಡನೆ ಮಾತನಾಡಿ ಮಾಡಿಸಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ. ಯೂರೋಪಿನ 7 ದೇಶಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 12 ಜೀನ್‌ಗಳನ್ನು ಮೊದಲೇ ಓದಿ ಔಷಧ ಕೊಟ್ಟಾಗ ಗಂಭೀರವಾಗಿ ಪರಿಗಣಿಸಬೇಕಾದ ಅಡ್ಡಪರಿಣಾಮಗಳು ಸುಮಾರು 30 ಶೇಕಡಾ ಕಡಿಮೆಯಾದವು. ಆರೋಗ್ಯವಂತರು ಕುತೂಹಲಕ್ಕಾಗಿ ಇಷ್ಟು ಹಣ ತೆರುವ ಅಗತ್ಯ ನನಗೆ ಕಾಣುವುದಿಲ್ಲ.

ಕೊನೆಯದಾಗಿ, ಬೆಂಗಳೂರಿನವರು ಗಮನಿಸಲೇಬೇಕಾದ ಒಂದು ಲೋಪ. ಶಸ್ತ್ರಚಿಕಿತ್ಸೆಗೆ ಮುನ್ನ ಉಸಿರಾಟದ ನಳಿಕೆ ಹಾಕಲು ಸಕ್ಸಿನೈಲ್‌ಕೋಲಿನ್ ಎಂಬ ಔಷಧದಿಂದ ಸ್ನಾಯುಗಳನ್ನು ಕೆಲವೇ ನಿಮಿಷ ಸಡಿಲಗೊಳಿಸುವುದುಂಟು. ಅದನ್ನು ಒಡೆಯುವ ಸೂಡೋಕೊಲಿನೆಸ್ಟರೇಸ್ ಕಿಣ್ವ ಇಲ್ಲದವರಲ್ಲಿ ಆ ಪರಿಣಾಮ ಗಂಟೆಗಟ್ಟಲೆ ಉಳಿದು, ಅಷ್ಟೂ ಹೊತ್ತು ಯಂತ್ರದಿಂದಲೇ ಉಸಿರಾಡಿಸಬೇಕಾಗುತ್ತದೆ. ಬಹು ತಲೆಮಾರುಗಳಿಂದ ಒಳಬಾಂಧವ್ಯದ ಮದುವೆಗಳಿರುವ ಸಮುದಾಯಗಳಲ್ಲಿ, ಮೂಲಪುರುಷರಲ್ಲಿ ಯಾರಲ್ಲೋ ಇದ್ದ ಒಂದು ವ್ಯತ್ಯಾಸ ಹಲವರಲ್ಲಿ ಉಳಿದುಬರುತ್ತದೆ. ಈ ಕಿಣ್ವದ ಕೊರತೆ ವೈಶ್ಯ ಸಮುದಾಯದಲ್ಲಿ ಇತರರಿಗಿಂತ ಹಲವು ಪಟ್ಟು ಹೆಚ್ಚು ಎಂಬುದು ದಕ್ಷಿಣ ಭಾರತದ ಅರಿವಳಿಕೆ ತಜ್ಞರಿಗೆ ಬಹುಕಾಲದಿಂದ ತಿಳಿದಿರುವ ವಿಷಯ. ಚಿಕ್ಕಪೇಟೆ, ವಿಶ್ವೇಶ್ವರಪುರಂ ಕಡೆ ಆ ಸಮುದಾಯದ ಎಷ್ಟೋ ಕುಟುಂಬಗಳಿರುವ ಈ ಊರಿನಲ್ಲಿಯೇ ತಯಾರಾಗುವ ವರದಿಯಲ್ಲಿ ಆ ಕಿಣ್ವದ ಜೀನ್ ಇಲ್ಲ. ಕೇಳಿದಾಗ, ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸುತ್ತೇವೆ ಎಂದರು. ಅದು ಸೇರುವ ತನಕ ಆ ಕುಟುಂಬಗಳವರು ಶಸ್ತ್ರಚಿಕಿತ್ಸೆಗೆ ಮುನ್ನ ಈ ವರದಿಯೊಂದನ್ನೇ ನೆಚ್ಚಿಕೊಳ್ಳದೆ ಅರಿವಳಿಕೆ ತಜ್ಞರಿಗೆ ವಿಷಯ ತಿಳಿಸಿ, ಸೂಡೋಕೊಲಿನೆಸ್ಟರೇಸ್ ರಕ್ತಪರೀಕ್ಷೆಯನ್ನು ಪ್ರತ್ಯೇಕವಾಗಿ ಮಾಡಿಸಿಕೊಳ್ಳಬೇಕು.